ಹಗಲು ರಾತ್ರಿ ಸಮ ಅಂತೀರಿ, ಮತ್ತೆ ಈ ಏಳು ನಿಮಿಷ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಮಾರ್ಚ್ 20ಕ್ಕೆ ಹಗಲು ರಾತ್ರಿ ಸಮ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆದರೆ ಅವತ್ತು ವಿಜಯಪುರದಲ್ಲಿ ಸೂರ್ಯೋದಯ 6:31, ಸೂರ್ಯಾಸ್ತ 6:38 ಅಂತ ಮೊಬೈಲ್ ತೋರಿಸುತ್ತದೆ. ಹಗಲು 12 ಗಂಟೆ 7 ನಿಮಿಷ ಆಯಿತಲ್ಲ? ಪುಸ್ತಕ ತಪ್ಪೋ, ಮೊಬೈಲ್ ತಪ್ಪೋ?

ಮೊಬೈಲ್ ಸರಿ ಇದೆ. ಪುಸ್ತಕ ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದೆ.

ವಿಷುವ ಅಂದರೆ ಒಂದು ಇಡೀ ದಿನವಲ್ಲ, ಒಂದು ಕ್ಷಣ. ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತಿರುವ ಸೂರ್ಯನ ನಡುಬಿಂದು ಭೂಮಧ್ಯರೇಖೆಯ ನೇರ ಮೇಲೆ ದಾಟುವ ಕ್ಷಣ. 2026ರಲ್ಲಿ ಅದು ಮಾರ್ಚ್ 20ರ ರಾತ್ರಿ 8:16ಕ್ಕೆ, ನಮ್ಮಲ್ಲಿ ಹೊತ್ತು ಮುಳುಗಿ ಜನ ಊಟಕ್ಕೆ ಕೂಡುವ ವೇಳೆಗೆ. 2027ರಲ್ಲಿ ನಡುರಾತ್ರಿ ದಾಟಿ 1:55ಕ್ಕೆ, ಅಂದರೆ ನಮ್ಮ ಗಡಿಯಾರದ ಪ್ರಕಾರ ಮಾರ್ಚ್ 21ಕ್ಕೆ. ಸೂರ್ಯ ಬರೀ ಒಂದು ಚುಕ್ಕಿಯಾಗಿದ್ದು, ಭೂಮಿಗೆ ಗಾಳಿಯ ಹೊದಿಕೆ ಇರದೇ ಹೋಗಿದ್ದರೆ ಅವತ್ತು ಲೆಕ್ಕ ಹೆಚ್ಚುಕಡಿಮೆ ಹನ್ನೆರಡಕ್ಕೆ ಹನ್ನೆರಡು ಕೂಡುತ್ತಿತ್ತು.

ಆದರೆ ಸೂರ್ಯ ಚುಕ್ಕಿಯಲ್ಲ. ತಗಡಿನ ಛತ್ತಿನಲ್ಲಿ ಮೊಳೆ ಹೊಡೆದ ತೂತು ಇದ್ದರೆ ಮಧ್ಯಾಹ್ನ ನೆಲದ ಮೇಲೆ ಬೀಳುವ ಬೆಳಕಿನ ಬಿಲ್ಲೆ ನೋಡಿ. ಹತ್ತು ಅಡಿ ಎತ್ತರದ ಛತ್ತಾದರೆ ಆ ಬಿಲ್ಲೆ ಒಂದಿಂಚಿನ ಮೇಲೆ ತುಸು ಇರುತ್ತದೆ. ಅದು ತೂತಿನ ಆಕಾರವಲ್ಲ, ಸಾಕ್ಷಾತ್ ಸೂರ್ಯನ ಚಿತ್ರ. ಇಷ್ಟಗಲ ಇರುವವನ ಮೇಲಂಚು ಕಂಡ ಕೂಡಲೇ ಸೂರ್ಯೋದಯ ಅನ್ನುತ್ತೇವೆ, ಸಂಜೆ ಅದೇ ಮೇಲಂಚು ಪೂರ್ತಿ ಮರೆಯಾದ ಮೇಲಷ್ಟೇ ಸೂರ್ಯಾಸ್ತ. ಎರಡೂ ಕಡೆ ಹಗಲಿಗೇ ಲಾಭ.

ಅದಕ್ಕಿಂತ ದೊಡ್ಡ ಲಾಭ ಗಾಳಿಯದು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಗೆ ನಿಂತು ಸಂಜೆ ನೋಡಿದವರಿಗೆ ಗೊತ್ತು: ಕೆಂಪು ಬಿಂಬದ ಕೆಳಗಿನ ಅಂಚು ನೀರಿಗೆ ಮುಟ್ಟಿದ ಮೇಲೂ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಹಿಡಿಯುತ್ತದೆ. ಸೋಜಿಗ ಅಂದರೆ, ನೀರಿಗೆ ಮುಟ್ಟಿದಂತೆ ಕಂಡ ಆ ಹೊತ್ತಿಗೆ ನಿಜವಾದ ಸೂರ್ಯ ಆಗಲೇ ಪೂರ್ತಿ ಕೆಳಗಿಳಿದಿರುತ್ತಾನೆ. ಹಂಡೆಯ ತಳದಲ್ಲಿರುವ ನಾಣ್ಯ ನೀರು ತುಂಬಿದಾಗ ಮೇಲೆದ್ದಂತೆ ಕಾಣುತ್ತದಲ್ಲ, ಅದೇ ಆಟ. ಗಾಳಿ ಬೆಳಕನ್ನು ಬಾಗಿಸಿ ಅವನನ್ನು 34 ಕಲೆಯಷ್ಟು (ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲೇ ಕಲೆ) ಎತ್ತಿ ತೋರಿಸುತ್ತದೆ. ಬಿಂಬದ ಇಡೀ ಅಗಲವೇ 32 ಕಲೆ. ಅರ್ಧ ಬಿಂಬದ 16ನ್ನೂ ಕೂಡಿಸಿದರೆ 50 ಕಲೆ. ನಮ್ಮ ಅಕ್ಷಾಂಶದಲ್ಲಿ ಅಷ್ಟು ದಾಟಲು ಅವನಿಗೆ ಮೂರೂವರೆ ನಿಮಿಷ ಬೇಕು. ಬೆಳಿಗ್ಗೆ ಮೂರೂವರೆ, ಸಂಜೆ ಮೂರೂವರೆ. ನಿಮ್ಮ ಏಳು ನಿಮಿಷ ಇಲ್ಲಿದೆ.

ಮಾರ್ಚ್‌ನಲ್ಲಿ ನಮ್ಮ ಹಗಲು ದಿನಕ್ಕೆ ಸುಮಾರು ಒಂದು ನಿಮಿಷ ಬೆಳೆಯುವುದರಿಂದ, ಗಡಿಯಾರ ಹಿಡಿದು ಹಗಲು ರಾತ್ರಿ ಸಮ ಆಗುವ ದಿನ ಒಂದು ವಾರ ಮೊದಲೇ, 13ರ ಆಸುಪಾಸಿಗೆ ಬಂದು ಹೋಗಿರುತ್ತದೆ.

ಹಾಗಾದರೆ ವಿಷುವ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲವೇ? ಬೀಳುತ್ತದೆ, ನೆರಳಿನಲ್ಲಿ. ಒಂದು ವರ್ಷ ಮಾಳಿಗೆ ಮೇಲೆ, ಒಣಹಾಕಿದ ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ, ಬಣ್ಣದ ಡಬ್ಬಿಗೆ ಉಸುಕು ತುಂಬಿ ಅದರ ಮಟ್ಟದಿಂದ ಒಂದು ಮೀಟರ್ ಕೋಲು ನಿಲ್ಲಿಸಿದೆ. ಡಬ್ಬಿಯ ಮಟ್ಟಕ್ಕೇ ಒಂದು ಹಲಗೆ ಇಟ್ಟು ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಹನ್ನೆರಡಕ್ಕೆ ನೆರಳು ಅತಿ ಗಿಡ್ಡ ಇರುತ್ತದೆ ಅಂತ ಅಳತೆಪಟ್ಟಿ ಹಿಡಿದು ಕೂತರೆ, ಅದು ಇನ್ನೂ ಗಿಡ್ಡ ಆಗುತ್ತಲೇ ಹೋಯಿತು. ಕೋಲು ಸೊಟ್ಟ ಇದೆ ಅಂದುಕೊಂಡು ಎರಡು ಸಲ ಕಿತ್ತು ನೆಟ್ಟೆ, ಗುರುತೆಲ್ಲ ಕೆಟ್ಟವು. ತಪ್ಪು ನನ್ನದೇ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ವಿಜಯಪುರ ಇರುವುದು 75.7ರಲ್ಲಿ. ಅಲ್ಲಿಗೆ 27 ನಿಮಿಷ ತಡ. ಭೂಮಿಯ ಓಟದ ಏರುಪೇರಿನಿಂದ ಮಾರ್ಚ್‌ನಲ್ಲಿ ಇನ್ನೊಂದು ಏಳು. ನಮ್ಮ ಖರೆ ಮಧ್ಯಾಹ್ನ 12:34ಕ್ಕೆ. ಬೆಳಗಾವಿಯವರಿಗೆ ಇನ್ನೂ ಐದು ನಿಮಿಷ ಆಚೆ. ಮರುದಿನ ಆ ಹೊತ್ತಿಗೆ ಅಳೆದಾಗ ನೆರಳು 30 ಸೆಂಟಿಮೀಟರ್ ಇತ್ತು. ಸಂಜೆ ಗುರುತುಗಳನ್ನು ದಾರ ಹಿಡಿದು ನೋಡಿದರೆ ಪಶ್ಚಿಮದಿಂದ ಪೂರ್ವಕ್ಕೆ ನೆಟ್ಟಗಿನ ಗೆರೆ. ಬೇರೆ ದಿನಗಳಲ್ಲಿ ಈ ಗೆರೆ ಬಾಗಿರುತ್ತದೆ. ಎರಡು ವಿಷುವಗಳಲ್ಲಿ ಮಾತ್ರ ನೇರ. ಸೂರ್ಯ ಅವತ್ತು ನೆಟ್ಟ ಪೂರ್ವದಲ್ಲಿ ಹುಟ್ಟಿ ನೆಟ್ಟ ಪಶ್ಚಿಮಕ್ಕೆ ಮುಳುಗುತ್ತಾನೆ.

ಇಷ್ಟಾದರೂ ವಿಷುವವನ್ನೇ ವಸಂತದ ಬಾಗಿಲು ಅನ್ನುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಲಂಡನ್‌ನಂಥ ಊರಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಗೆ ಮುಗಿದರೆ ಜೂನ್‌ನಲ್ಲಿ ಹದಿನಾರೂವರೆ ಗಂಟೆಯವರೆಗೆ ಚಾಚುತ್ತದೆ. ಅಲ್ಲಿ ಬೆಳಕು ಬರುವುದೇ ಹಬ್ಬ. ನಮ್ಮಲ್ಲಿ ಅತಿ ಗಿಡ್ಡ ಹಗಲಿಗೂ ಅತಿ ಉದ್ದದ್ದಕ್ಕೂ ಇರುವ ಅಂತರ ಬರೀ ಎರಡು ಗಂಟೆ. ಬಿಳಿಜೋಳದ ರಾಶಿ ಮುಗಿದು, ಹೊಲ ಬೋಳಾಗಿ, ಹೋಳಿ ಹಲಗಿಯ ಸದ್ದು ಅಡಗಿ, ಬಿಸಿಲು ನೆತ್ತಿ ಸುಡತೊಡಗಿದಾಗ ಬೇವು ಹೂ ಬಿಡುತ್ತದೆ. ನಮ್ಮ ವಸಂತದ ಗುರುತು ಅದು.

ಯುಗಾದಿಯೂ ವಿಷುವಕ್ಕೆ ಕಟ್ಟಿಕೊಂಡಿಲ್ಲ, ಅಮಾವಾಸ್ಯೆಗೆ ಕಟ್ಟಿಕೊಂಡಿದೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಕೊನೆಯದು ವಿಷುವದ ಮುನ್ನಾದಿನ ಬಿದ್ದದ್ದು ಕಾಕತಾಳೀಯ. ವಿಷುವಕ್ಕೆ ಹೊಂದಿಸಿ ಚೈತ್ರ ಶುರು ಮಾಡುವುದು ಸರ್ಕಾರದ ಶಕ ಪಂಚಾಂಗ, 1957ರಿಂದ: ಮಾರ್ಚ್ 22, ಅಧಿಕ ವರ್ಷದಲ್ಲಿ 21. ಗೆಜೆಟ್‌ನ ತಲೆಯ ಮೇಲೆ ಅದರ ತಾರೀಖು ಇರುತ್ತದೆ, ಓಣಿಯಲ್ಲಿ ಯಾರೂ ಬಳಸುವುದು ಕಂಡಿಲ್ಲ.

ಮಾರ್ಚ್ ತಪ್ಪಿಸಿಕೊಂಡವರು ಅದೇ ಕೋಲನ್ನು ಸೆಪ್ಟೆಂಬರ್ 23ರ ಸುಮಾರಿಗೆ ನಿಲ್ಲಿಸಿ. ಗೆರೆ ಅದೇ, 30 ಸೆಂಟಿಮೀಟರ್ ಅದೇ. ಆದರೆ ಆಗ ಭೂಮಿಯ ಓಟ ಉಲ್ಟಾ ಲೆಕ್ಕ ಕೊಡುವುದರಿಂದ ಖರೆ ಮಧ್ಯಾಹ್ನ 12:20ಕ್ಕೇ ಬಂದುಬಿಡುತ್ತದೆ. 12:34ರ ತನಕ ಕಾಯುತ್ತ ಕೂರಬೇಡಿ. ನಮ್ಮ ಕಡೆ ಸೆಪ್ಟೆಂಬರ್ ಮಳೆಯ ತಿಂಗಳು ಬೇರೆ, ಮೋಡದ ಭರವಸೆ ಇಲ್ಲ. ಎರಡು ದಿನ ಮೊದಲೇ ಡಬ್ಬಿ ಮಾಳಿಗೆ ಹತ್ತಿಸಿಟ್ಟಿರಿ.