ಎಂಟು ತಿಂಗಳ ಲಾಗ್‌ಬುಕ್, ಒಂದೇ ಪೆನ್ನು

ವಿಮಾನಗಳ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರ್ ನಾನು. ಹೋದ ಮಳೆಗಾಲದಲ್ಲಿ ಒಂದು ದಿನ ನೈಟ್ ಶಿಫ್ಟ್ ಮುಗಿಸಿ ಕಾಫಿ ಹಿಡಿದು ಕೂತಿದ್ದೆ. ಟ್ರೈನಿ ಹುಡುಗನೊಬ್ಬ ಬಂದು ಪಕ್ಕದಲ್ಲಿ ನಿಂತ. "ಸರ್, ಒಂದು ಸೈನ್ ಬೇಕಿತ್ತು." ಒಂದು ಅಂದದ್ದು ಬಾಯಿಮಾತಿಗೆ. ಕೈಯಲ್ಲಿದ್ದದ್ದು ಎಂಟು ತಿಂಗಳ ಲಾಗ್‌ಬುಕ್, ಅಂದರೆ ಲೈಸೆನ್ಸ್‌ಗಾಗಿ ಟ್ರೈನಿ ತಾನು ಮಾಡಿದ ಕೆಲಸಗಳನ್ನು ಬರೆದು ಎಂಜಿನಿಯರ್ ಸಹಿ ಹಾಕಿಸಿಕೊಳ್ಳುವ ಪುಸ್ತಕ. 140 ಎಂಟ್ರಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ನೀಲಿ ಪೆನ್ನು, ಒಂದೇ ಓರೆ ಅಕ್ಷರ. ಎಲ್ಲೂ ಗ್ರೀಸ್ ಹತ್ತಿದ ಬೆರಳಿನ ಗುರುತಿಲ್ಲ.

"ಯಾವಾಗ ಬರೆದಿದ್ದಪ್ಪಾ ಇದನ್ನ?"

"ನಿನ್ನೆ ಮೊನ್ನೆ ರೂಮಲ್ಲಿ ಕೂತು ಫೇರ್ ಮಾಡ್ದೆ ಸರ್."

ಒಂದು ಎಂಟ್ರಿಯ ಮೇಲೆ ಬೆರಳಿಟ್ಟೆ. ಇಲ್ಲೇ ಬೆಂಗಳೂರಿನಲ್ಲಿ ಬ್ರೇಕ್ ಬದಲಾಯಿಸಿದ್ದು ಅಂತಿತ್ತು. ಆ ವಾರ ಆ ವಿಮಾನ ಬೇರೆ ಊರಿನ ಹ್ಯಾಂಗರ್‌ನಲ್ಲಿ ಸಿ ಚೆಕ್ ಅನ್ನುವ ದೊಡ್ಡ ತಪಾಸಣೆಗೆ ನಿಂತಿತ್ತು. ನನಗೆ ಚೆನ್ನಾಗಿ ನೆನಪಿದೆ, ಕಳಿಸುವ ಹಿಂದಿನ ರಾತ್ರಿ ಅದನ್ನು ನೋಡಿಕೊಂಡವನು ನಾನೇ. ಹುಡುಗ ಸುಳ್ಳುಗಾರನಲ್ಲ. ಬ್ರೇಕ್ ಬದಲಾಯಿಸುವಾಗ ಜೊತೆಗಿದ್ದದ್ದು ನಿಜ, ಆದರೆ ಇನ್ನೊಂದು ದಿನ, ಇನ್ನೊಂದು ವಿಮಾನದ ಮೇಲೆ. ಕಾಗದಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಸಹಿ ಹಾಕಿದ್ದರೆ ಅದು ಇಬ್ಬರ ಸುಳ್ಳಾಗುತ್ತಿತ್ತು.

ನಿಯಮ ಏನು ಕೇಳುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎಯ ಲೈಸೆನ್ಸ್ ನಿಯಮ ಸಿಎಆರ್-66ರ ಪ್ರಕಾರ ಬಿ1.1, ಅಂದರೆ ಟರ್ಬೈನ್ ಎಂಜಿನ್ ವಿಮಾನಗಳ ಮೆಕ್ಯಾನಿಕಲ್ ಲೈಸೆನ್ಸ್, ಅಥವಾ ಏವಿಯಾನಿಕ್ಸ್‌ನ (ವಿಮಾನದ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ವ್ಯವಸ್ಥೆಗಳ) ಬಿ2 ಬೇಕಿದ್ದರೆ, ಸಿಎಆರ್-147 (ತರಬೇತಿ ಸಂಸ್ಥೆಗಳ ನಿಯಮ) ಮಾನ್ಯತೆಯ ಕೋರ್ಸ್ ಮುಗಿಸಿದವರಿಗೆ ಹಾರಾಟದಲ್ಲಿರುವ ವಿಮಾನಗಳ ಮೇಲೆ 2 ವರ್ಷದ ಅನುಭವ ಬೇಕು. ಸಂಬಂಧಪಟ್ಟ ತಾಂತ್ರಿಕ ತರಬೇತಿ ಪಡೆದು ಬಂದವರಿಗೆ 3 ವರ್ಷ, ಯಾವ ತರಬೇತಿಯೂ ಇಲ್ಲದವರಿಗೆ 5 ವರ್ಷ. ಚಿಕ್ಕಪುಟ್ಟ ನಿಗದಿತ ಕೆಲಸಗಳ ಎ ಕೆಟಗರಿಗೆ ಇದೇ ಕ್ರಮದಲ್ಲಿ 1, 2, 3. ಇದರಲ್ಲಿ ಕನಿಷ್ಠ ಒಂದು ವರ್ಷ ಇತ್ತೀಚಿನದಾಗಿರಬೇಕು, ಅದೂ ನೀವು ಕೇಳುತ್ತಿರುವ ವರ್ಗದ ವಿಮಾನದ ಮೇಲೇ ಆಗಿರಬೇಕು. ಮಾಡ್ಯೂಲ್ ಪರೀಕ್ಷೆಗಳಲ್ಲಿ 75 ಪರ್ಸೆಂಟ್ ತೆಗೆದು ಪಾಸಾಗಿಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು ಅಂತ ಹುಡುಗರು ಎಣಿಸುತ್ತಾರೆ. ಪರೀಕ್ಷೆಯ ಅಂಕ ಕಂಪ್ಯೂಟರಿನಲ್ಲಿ ಇರುತ್ತದೆ. ನೀವು ಎರಡು ವರ್ಷ ಏನು ಮಾಡಿದಿರಿ ಅನ್ನುವುದಕ್ಕೆ ಮಾತ್ರ ಲಾಗ್‌ಬುಕ್ಕೇ ಸಾಕ್ಷಿ.

ಸಾಕ್ಷಿ ಅಂದೆ, ಡೈರಿ ಅನ್ನಲಿಲ್ಲ. ಡೈರಿಯಲ್ಲಿ ಬರೆದದ್ದನ್ನು ಯಾರೂ ತಾಳೆ ನೋಡುವುದಿಲ್ಲ. ಲಾಗ್‌ಬುಕ್ಕಿನ ಒಂದು ಸಾಲು ಹಿಡಿದು ಗುರುತಿಲ್ಲದ ಒಬ್ಬ ಆಡಿಟರ್ ರೆಕಾರ್ಡ್ ರೂಮಿಗೆ ಹೋದರೆ ಅದೇ ತಾರೀಖಿನ, ಅದೇ ವಿಮಾನದ ಟಾಸ್ಕ್ ಕಾರ್ಡ್, ಅಂದರೆ ಆ ಕೆಲಸದ ಅಧಿಕೃತ ದಾಖಲೆ, ಅವನ ಕೈಗೆ ಸಿಗಬೇಕು.

ಏರ್‌ಬಸ್ ಎ320ರ ಮೇನ್ ವೀಲ್ ಬದಲಾವಣೆಯನ್ನೇ ತೆಗೆದುಕೊಳ್ಳಿ. ಲೈನ್‌ನಲ್ಲಿ, ಅಂದರೆ ಹಾರಾಟಗಳ ನಡುವೆ ನಿಂತ ವಿಮಾನಗಳ ಮೇಲೆ, ಕೆಲಸ ಮಾಡುವ ಟ್ರೈನಿಗಳಿಗೆ ದಿನಕ್ಕೊಂದಾದರೂ ಸಿಗುವ ಕೆಲಸ. ನೂರಕ್ಕೆ ತೊಂಬತ್ತು ಪುಸ್ತಕಗಳಲ್ಲಿ "ವೀಲ್ ಚೇಂಜ್ ಡನ್" ಅಂತಿರುತ್ತದೆ. ಇದನ್ನು ಓದಿ ನನಗೆ ತಿಳಿಯುವುದು ಏನೂ ಇಲ್ಲ. ಚಕ್ರಕ್ಕೆ ಚೋಕ್ ಇಟ್ಟವನು ನೀನೋ, ಜ್ಯಾಕ್ ಹಾಕಿದವನೋ? ಆಕ್ಸಲ್ ನಟ್ ಸಡಿಲಿಸುವ ಮುಂಚೆ ಟೈರಿನ ಗಾಳಿ ಇಳಿಸಿದ್ದು ಯಾರು? ಒಳಗೆ 200 ಪಿಎಸ್‌ಐ ಆಸುಪಾಸು ನೈಟ್ರೋಜನ್ ಇರುತ್ತದೆ. ವೀಲಿನ ಎರಡು ಅರ್ಧಗಳನ್ನು ಹಿಡಿದಿರುವ ಬೋಲ್ಟ್ ಒಳಗೊಳಗೇ ಮುರಿದಿದ್ದರೆ, ಅಲ್ಲಿಯವರೆಗೆ ಅದನ್ನು ಒಟ್ಟಿಗೆ ಇಟ್ಟಿದ್ದ ನಟ್ ಬಿಚ್ಚಿದ ಕ್ಷಣ ಏನಾಗುತ್ತದೆ ಅಂತ ಗೊತ್ತಿರುವವನು ಆ ಹೆಜ್ಜೆ ಬಿಡುವುದಿಲ್ಲ. ಹೊಸ ವೀಲ್ ಕೂರಿಸಿದ ಮೇಲೆ ಅದನ್ನು ಕೈಯಲ್ಲಿ ತಿರುಗಿಸುತ್ತಾ ನಟ್‌ಗೆ ಮೊದಲ ಟಾರ್ಕ್ (ಅಳತೆಯ ಬಿಗಿತ), ಸಡಿಲಿಸಿ ಮತ್ತೆ ಎರಡನೇ ಟಾರ್ಕ್. ಬೇರಿಂಗ್ ಸರಿಯಾಗಿ ಕೂರಲಿ ಅಂತ ಈ ತಿರುಗಿಸುವಿಕೆ. ಇದನ್ನು ಕೈಯಾರೆ ಮಾಡಿದವನ ಎಂಟ್ರಿ ಬೇರೆಯೇ ಥರ ಇರುತ್ತದೆ.

ನನ್ನ ಹತ್ತಿರ ಬರುವವರಿಗೆ ನಾನು ಹೇಳಿಕೊಡುವುದು ಹೀಗೆ. ತಾರೀಖು, ವಿಮಾನದ ರಿಜಿಸ್ಟ್ರೇಷನ್, ಊರು, ವರ್ಕ್ ಆರ್ಡರ್ ನಂಬರ್, ಎಟಿಎ ಅಧ್ಯಾಯ (ವಿಮಾನದ ಪ್ರತಿ ವ್ಯವಸ್ಥೆಗೂ ಇರುವ ಸಂಖ್ಯೆ, ಲ್ಯಾಂಡಿಂಗ್ ಗೇರ್‌ಗೆ 32), ಮ್ಯಾನ್ಯುಯಲ್‌ನ ಟಾಸ್ಕ್ ನಂಬರ್. ಆಮೇಲೆ ಸ್ವಂತ ಮಾತಿನಲ್ಲಿ ಎರಡು ಸಾಲು: "3ನೇ ಮೇನ್ ವೀಲ್, ಟೈರ್ ಸವೆದು ಲಿಮಿಟ್ ಮುಟ್ಟಿದ್ದರಿಂದ ಬದಲಾಯಿಸಲಾಯಿತು. ಗಾಳಿ ಇಳಿಸಿದ್ದು, ಹಳೆಯ ವೀಲ್ ತೆಗೆದದ್ದು, ಹೊಸದು ಕೂರಿಸಿದ್ದು ನಾನು. ಟಾರ್ಕ್ ಮಾಡಿದ್ದು ಟೆಕ್ನಿಷಿಯನ್, ವೀಲ್ ತಿರುಗಿಸಿದ್ದು ನಾನು." ತೆಗೆದದ್ದರ, ಹಾಕಿದ್ದರ ಸೀರಿಯಲ್ ನಂಬರ್, ಟಾರ್ಕ್ ರೆಂಚಿನ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಬರೆಯಲು ನಾಲ್ಕು ನಿಮಿಷ ಸಾಕು, ಆದರೆ ಅವತ್ತೇ ಬರೆಯಬೇಕು. ಮೂರು ದಿನ ಬಿಟ್ಟರೆ ಸೀರಿಯಲ್ ನಂಬರ್ ಯಾರಿಗೆ ನೆನಪಿರುತ್ತದೆ?

"ಟಾರ್ಕ್ ನಾನು ಮಾಡಲಿಲ್ಲ ಅಂತ ಬರೆದರೆ ಕಡಿಮೆ ಆಗಲ್ವಾ ಸರ್?" ಇದು ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುವ ಪ್ರಶ್ನೆ. ನೋಡಿದೆ, ಸಹಾಯ ಮಾಡಿದೆ, ಮೇಲ್ವಿಚಾರಣೆಯಲ್ಲಿ ನಾನೇ ಮಾಡಿದೆ: ಈ ಮೂರೂ ಲಾಗ್‌ಬುಕ್ಕಿನಲ್ಲಿ ಇರಬೇಕಾದವೇ. ಮೊದಲ ಮೂರು ತಿಂಗಳು ಬರೀ ನೋಡಿದ್ದು, ಆಮೇಲೆ ಸಹಾಯ, ಒಂದು ವರ್ಷದ ಹೊತ್ತಿಗೆ ಸ್ವತಃ ಮಾಡಿದ್ದು. ಪುಸ್ತಕದಲ್ಲಿ ಈ ಏರಿಕೆ ಕಂಡರೆ ಓದುವವನಿಗೆ ನಂಬಿಕೆ ಬರುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲೇ ಎಂಜಿನ್ ಬದಲಾಯಿಸಿದೆ ಅಂತ ಬರೆದವನನ್ನು ಇಂಟರ್‌ವ್ಯೂನಲ್ಲಿ ನಾನು ಬಿಡುವುದಿಲ್ಲ.

ಅರ್ಧ ಆದ ಕೆಲಸವನ್ನು ಅರ್ಧ ಅಂತಲೇ ಬರೆಯುವುದು ಯಾಕೆ ಮುಖ್ಯ ಅಂತ ಯಾರಾದರೂ ಕೇಳಿದರೆ 1991ರ ಸೆಪ್ಟೆಂಬರ್ 11ರ ಕಥೆ ಹೇಳುತ್ತೇನೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಎಂಬ್ರೇರ್ 120 ವಿಮಾನ ಆಕಾಶದಲ್ಲೇ ಒಡೆದು ಬಿತ್ತು. ಒಳಗಿದ್ದ 14 ಮಂದಿಯೂ ಸತ್ತರು. ಹಿಂದಿನ ರಾತ್ರಿ ಬಾಲದ ಅಡ್ಡ ರೆಕ್ಕೆಯ ಎಡಗಡೆ ಅಂಚಿನ ಮೇಲ್ಭಾಗದಿಂದ 47 ಸ್ಕ್ರೂ ಬಿಚ್ಚಿದ್ದರು. ಶಿಫ್ಟ್ ಬದಲಾಯಿತು. ಬಿಚ್ಚಿದ್ದಾಗಿದೆ ಅನ್ನುವ ಸಂಗತಿ ಮುಂದಿನವರಿಗೆ ಸರಿಯಾಗಿ ದಾಟಲಿಲ್ಲ, ವಿಮಾನ ಆ ಸ್ಕ್ರೂಗಳಿಲ್ಲದೆ ಹಾರಿತು. ಟ್ರೈನಿಯ ಲಾಗ್‌ಬುಕ್ಕಿಗೂ ಶಿಫ್ಟ್ ಹ್ಯಾಂಡೋವರ್‌ಗೂ ನೇರ ಸಂಬಂಧವಿಲ್ಲ, ಒಪ್ಪುತ್ತೇನೆ. ಆದರೆ "ಬಿಚ್ಚಿದ್ದು ನಾನು, ಹಾಕಿದ್ದು ನಾನಲ್ಲ" ಅಂತ ಬರೆಯುವ ಕೈ ಟ್ರೈನಿಯಾಗಿದ್ದಾಗಲೇ ಪಳಗದಿದ್ದರೆ ಲೈಸೆನ್ಸ್ ಬಂದ ಮೇಲೆ ಪಳಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ವೈವಿಧ್ಯ. ಎರಡು ವರ್ಷ ಲೈನ್‌ನಲ್ಲೇ ಇದ್ದವನ ಪುಸ್ತಕ ಬಿಡಿಸಿದರೆ ಅಧ್ಯಾಯ 32, 12, 33. ಚಕ್ರ, ಎಣ್ಣೆ, ಬಲ್ಬು. 27ರ ಫ್ಲೈಟ್ ಕಂಟ್ರೋಲ್ ಇಲ್ಲ, 29ರ ಹೈಡ್ರಾಲಿಕ್ಸ್ ಇಲ್ಲ, 72ರ ಎಂಜಿನ್‌ನಲ್ಲಿ ಒಂದೇ ಒಂದು ಬೋರೋಸ್ಕೋಪ್ (ಎಂಜಿನ್ ಒಳಗೆ ಇಣುಕುವ ಸಾಧನ) ತಪಾಸಣೆ ನೋಡಿದ್ದು. ಹ್ಯಾಂಗರ್‌ನವನದು ಉಲ್ಟಾ: ಪ್ಯಾನೆಲ್ ಬಿಚ್ಚಿದ್ದು, ತುಕ್ಕು ತೆಗೆದದ್ದು ಬೇಕಾದಷ್ಟು, ಆದರೆ ಹೊರಡಲು ನಿಂತ ವಿಮಾನದಲ್ಲಿ ಡಿಫೆಕ್ಟ್ ಹುಡುಕಿದ್ದು ಸೊನ್ನೆ. ಮೂರು ತಿಂಗಳಿಗೊಮ್ಮೆ ನಿಮ್ಮ ಪುಸ್ತಕದ ಅಧ್ಯಾಯಗಳನ್ನು ನೀವೇ ಎಣಿಸಿ, ಖಾಲಿ ಇರುವುದನ್ನು ಶಿಫ್ಟ್ ಇನ್‌ಚಾರ್ಜ್‌ಗೆ ತೋರಿಸಿ. "ಸರ್, ಇವತ್ತು ರಾತ್ರಿ ಹೈಡ್ರಾಲಿಕ್ ಪಂಪ್ ಕೆಲಸ ಇದೆಯಂತೆ, ನಾನೂ ಬರಲಾ?" ಅಂತ ಕೇಳಿದವನನ್ನು ನಾನಂತೂ ಬೇಡ ಅಂದಿಲ್ಲ. ಬಾಯಿ ಬಿಡದವನಿಗೆ ನೈಟ್ರೋಜನ್ ಟ್ರಾಲಿ ತಳ್ಳುವ ಕೆಲಸವೇ ಗತಿ.

ನಮ್ಮ ಕಡೆಯ ತಪ್ಪೂ ಹೇಳಬೇಕಲ್ಲ. ನಾನು ಟ್ರೈನಿಯಾಗಿದ್ದಾಗ ಐದು ತಿಂಗಳು ನನ್ನನ್ನು ಜೊತೆಗಿಟ್ಟುಕೊಂಡು ಕಲಿಸಿದ ಎಂಜಿನಿಯರ್ ಒಬ್ಬರು "ಆಮೇಲೆ ಹಾಕೋಣ ಬಿಡಯ್ಯಾ" ಅನ್ನುತ್ತಲೇ ಇದ್ದು ಗಲ್ಫ್‌ಗೆ ಹೋಗಿಬಿಟ್ಟರು. ಆ ಐದು ತಿಂಗಳು ಹೋದದ್ದು ಹೋದದ್ದೇ. ಸಹಿ ಕೊಡಲು ಸತಾಯಿಸುವವರು ಈಗಲೂ ಇದ್ದಾರೆ, ಕಣ್ಣು ಮುಚ್ಚಿ ಐವತ್ತು ಸಹಿ ಒಟ್ಟಿಗೆ ಹಾಕುವವರೂ ಇದ್ದಾರೆ. ಎರಡನೆಯವರು ಹೆಚ್ಚು ಅಪಾಯ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಆ ವಾರದ್ದನ್ನು ಆ ವಾರವೇ ಹಾಕಿಸಿಕೊಳ್ಳಿ. ಸಹಿಯ ಪಕ್ಕ ಅವರ ಲೈಸೆನ್ಸ್ ನಂಬರ್ ಇರಲಿ. ತಪ್ಪಾದರೆ ವೈಟ್ನರ್ ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ಸಹಿ. ತಿಂಗಳಿಗೊಮ್ಮೆ ಫೋನಿನಲ್ಲಿ ಪುಟಗಳ ಫೋಟೋ ತೆಗೆದಿಡಿ. ಬೈಕಿನ ಸೈಡ್ ಬಾಕ್ಸಿನಲ್ಲಿ ಮಳೆಗೆ ನೆಂದ ಲಾಗ್‌ಬುಕ್ಕನ್ನು ಹೇರ್ ಡ್ರೈಯರ್‌ನಲ್ಲಿ ಒಣಗಿಸಿದವರನ್ನು ಕಂಡಿದ್ದೇನೆ.

ಆ ಹುಡುಗನಿಗೆ ಪುಸ್ತಕ ವಾಪಸ್ ಕೊಟ್ಟೆ. ಮುಖ ಚಿಕ್ಕದಾಯಿತು. ರೆಕಾರ್ಡ್ಸ್‌ನಲ್ಲಿ ಇರುವವರಿಗೆ ಫೋನ್ ಮಾಡಿ, ಇವನಿಗೆ ಹಳೆಯ ಟಾಸ್ಕ್ ಕಾರ್ಡ್ ನೋಡಲು ಬಿಡಿ ಅಂದೆ. ಡ್ಯೂಟಿ ರೋಸ್ಟರ್ ಒಂದು ಕಡೆ, ಕಾರ್ಡುಗಳು ಒಂದು ಕಡೆ ಇಟ್ಟುಕೊಂಡು ರಜೆಯ ದಿನಗಳಲ್ಲಿ ಕೂತ. ಮೂರು ವಾರ ಬಿಟ್ಟು ಬಂದಾಗ 140ರಲ್ಲಿ 62 ಉಳಿದಿದ್ದವು. ಬ್ರೇಕಿನದು ಸಿಕ್ಕಿತ್ತು, ಹನ್ನೊಂದು ದಿನ ಆಚೆಗೆ, ಬೇರೆ ರಿಜಿಸ್ಟ್ರೇಷನ್. ಆ 62ರಲ್ಲಿ ನನ್ನ ಕಣ್ಣೆದುರು ಆದದ್ದು 19. ಅಷ್ಟಕ್ಕೆ ಸಹಿ ಹಾಕಿ, ಉಳಿದದ್ದಕ್ಕೆ ಯಾರ್ಯಾರ ಹತ್ತಿರ ಹೋಗಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ.