ಬಾಣಂತಿಗೆ ಹಸಿವಾಗಿದೆಯಾ? ಮದ್ದಿಗಿಂತ ಮೊದಲು ಅದನ್ನು ಕೇಳಿ

ಕಳೆದ ಮಳೆಗಾಲದಲ್ಲಿ ಉಡುಪಿಯ ನನ್ನ ಆಯುರ್ವೇದ ಕ್ಲಿನಿಕ್ಕಿಗೆ ಒಬ್ಬ ಬಾಣಂತಿ ಬಂದಿದ್ದಳು. ಸಿಸೇರಿಯನ್ ಆಗಿ 12ನೇ ದಿನ. ತುಟಿ ಒಣಗಿ ಒಡೆದಿತ್ತು. ಮಗು ಅಜ್ಜಿಯ ಮಡಿಲಲ್ಲಿ, ಅತ್ತೆಯ ಕೈಯಲ್ಲಿ ಒಂದು ಬಟ್ಟೆಚೀಲ.

"ಎಂತೆಲ್ಲ ಮದ್ದು ಕೊಡ್ತಾ ಇದ್ದೀರಿ ಅಮ್ಮಾ?" ಅಂತ ಕೇಳಿದೆ. ಅವರು ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟರು. ಮನೆಯಲ್ಲೇ ಕಾಸಿದ ಮೆಂತೆ ಲೇಹ್ಯ. ದಶಮೂಲಾರಿಷ್ಟ. ಜೀರಕಾದ್ಯರಿಷ್ಟ. ಹಾಲಿಗೆಂದು ಶತಾವರಿ ಪುಡಿ. ಕೊನೆಗೆ ಹೆಸರೇ ಇಲ್ಲದ ಒಂದು ಕಂದು ಪುಡಿ, ಪರಿಚಯದವರು ಕೊಟ್ಟದ್ದು.

ಹುಡುಗಿಯ ಕಡೆ ತಿರುಗಿ "ಹಸಿವು ಹೇಗುಂಟು?" ಅಂದೆ. ಅವಳ ಕಣ್ಣು ತುಂಬಿತು. "ಹಸಿವೇ ಇಲ್ಲ ಡಾಕ್ಟ್ರೇ. ಬಾಯಾರಿಕೆ ಮಾತ್ರ."

ದಿನಕ್ಕೆ ಎರಡೇ ಲೋಟ ಬಿಸಿನೀರು. ಜಾಸ್ತಿ ಕುಡಿದರೆ ಹೊಟ್ಟೆ ಬರ್ತದೆ ಎಂದು ಅತ್ತೆಗೆ ಭಯ. ಐದು ದಿನದಿಂದ ಮಲ ಹೋಗಿಲ್ಲ, ಮೂತ್ರ ಉರಿಯುತ್ತದೆ. ಮಗುವಿಗೆ ಹಾಲು ಸಾಲುವುದಿಲ್ಲ ಎಂಬ ಚಿಂತೆ ಬೇರೆ.

ಆ ಅತ್ತೆಯನ್ನು ನಾನು ದೂರುವುದಿಲ್ಲ. ಮೆಂತೆ ನೆನೆಸಿ, ನುಣ್ಣಗೆ ರುಬ್ಬಿ, ತೆಂಗಿನ ಹಾಲು, ಓಲೆಬೆಲ್ಲ, ತುಪ್ಪ ಹಾಕಿ ಬಾಣಲೆ ಬಿಡುವ ತನಕ ಮಗುಚುವುದು ಎಷ್ಟು ಕಷ್ಟದ ಕೆಲಸ ಅಂತ ಮಾಡಿದವರಿಗೇ ಗೊತ್ತು. ಪ್ರೀತಿ ಇಲ್ಲದೆ ಯಾರೂ ಅದನ್ನು ಮಾಡುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಬಾಣಂತಿ ಮದ್ದು ದಿನದ ಲೆಕ್ಕದಲ್ಲಿ ನಡೆಯುತ್ತದೆ. ಮೂರನೇ ದಿನಕ್ಕೆ ಇದು, ಏಳನೇ ದಿನಕ್ಕೆ ಅದು. ಅವಳ ಹೊಟ್ಟೆ ಏನು ಹೇಳುತ್ತಿದೆ ಅಂತ ಕೇಳುವವರು ಕಡಿಮೆ.

ಶಾಸ್ತ್ರ ಹೇಳುವುದು ಹಾಗಲ್ಲ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯ ಶಾರೀರಸ್ಥಾನ ಎಂಬ ಭಾಗದಲ್ಲಿ ಬಾಣಂತಿಯ ಆರೈಕೆ ಶುರುವಾಗುವುದೇ 'ಬುಭುಕ್ಷಿತಾಂ ವಿದಿತ್ವಾ' ಎಂಬ ಮಾತಿನಿಂದ. ಅಂದರೆ ಅವಳಿಗೆ ಹಸಿವಾಗಿದೆ ಅಂತ ತಿಳಿದುಕೊಂಡು. ಆಮೇಲೆ ತುಪ್ಪವೋ ಎಣ್ಣೆಯೋ, ಅವಳ ಮೈಗೆ ಒಗ್ಗುವಂಥದ್ದು, ಹಿಪ್ಪಲಿ, ಶುಂಠಿಯಂಥ ಪುಡಿಗಳ ಜೊತೆ. ಅದು ಜೀರ್ಣವಾದ ಮೇಲೆ ಅದೇ ಮದ್ದು ಹಾಕಿ ಬೇಯಿಸಿದ ಗಂಜಿ. ಹೀಗೆ ಐದೋ ಏಳೋ ರಾತ್ರಿ ಕಳೆದ ಮೇಲೆ ನಿಧಾನಕ್ಕೆ ಪುಷ್ಟಿಯ ಆಹಾರ. ನಮ್ಮ ಅಜ್ಜಿಯಂದಿರು ಮೊದಲ ದಿನಗಳಲ್ಲಿ ಕುಚ್ಚಿಲಕ್ಕಿ ಗಂಜಿ, ತುಪ್ಪ, ಜೀರಿಗೆ, ಬೆಳ್ಳುಳ್ಳಿ ಅಂತ ಕೊಡುತ್ತಿದ್ದದ್ದು ಇದಕ್ಕೆ ಎಷ್ಟು ಹತ್ತಿರ ಇದೆ, ನೋಡಿ. ಜಡವಾದ ಲೇಹ್ಯ ಬರಬೇಕಾದದ್ದು ಹಸಿವು ಚುರುಕಾದ ಮೇಲೆ. ಹಸಿವಿಲ್ಲದವಳಿಗೆ ಲೇಹ್ಯ ತಿನ್ನಿಸಿದರೆ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ.

ಮೆಂತೆ ಒಳ್ಳೆಯದೇ. ಜಾಸ್ತಿಯಾದರೆ ಹೊಟ್ಟೆ ಉಬ್ಬರ, ಭೇದಿ ಬರಬಹುದು. ಅದು ರಕ್ತದ ಸಕ್ಕರೆಯನ್ನೂ ಇಳಿಸುತ್ತದೆ, ಹಾಗಾಗಿ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಲೇಬೇಕು. ಅದೇ ಲೇಹ್ಯದಲ್ಲಿ ಬೆಲ್ಲವೂ ಧಾರಾಳ ಇರುತ್ತದೆ. ಬಸುರಿಯಲ್ಲಿ ಸಕ್ಕರೆ ಬಂದಿದ್ದವರು ಲೇಹ್ಯ ತಿನ್ನುವ ಮೊದಲು ಕೇಳಿ, ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಅರಿಷ್ಟಗಳು ಹುಳಿ ಬಂದು ತಯಾರಾಗುವ ಮದ್ದು. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದೆ, ಬಾಟಲಿಯ ಮೇಲೆ ಬರೆದೂ ಇರುತ್ತದೆ. ಊಟದ ನಂತರ, ಸಮ ನೀರು ಬೆರೆಸಿ, ವೈದ್ಯರು ಹೇಳಿದಷ್ಟೇ. ಎರಡೆರಡು ಅರಿಷ್ಟ ಒಟ್ಟಿಗೆ ಬೇಡ.

ಇನ್ನು ಹಾಲಿನ ವಿಚಾರ. ಶತಾವರಿಯನ್ನು ನಾನೂ ಬರೆದುಕೊಡುತ್ತೇನೆ. ಅದರ ಮೇಲಿನ ಅಧ್ಯಯನಗಳು ಚಿಕ್ಕವು, ಫಲಿತಾಂಶವೂ ಒಂದೇ ಥರ ಇಲ್ಲ. ಹಾಲು ಬರುವುದು ಮುಖ್ಯವಾಗಿ ಮಗು ಚೀಪುವುದರಿಂದ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು, ಅದಕ್ಕೆ ಗಾಬರಿ ಬೇಡ. ಐದಾರು ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತಲೇ ಅರ್ಥ. ಹಾಲು ಕುಡಿಸುವ ತಾಯಿಗೆ ನೀರು ಕಡಿಮೆ ಮಾಡುವುದಂತೂ ಬೇಡವೇ ಬೇಡ. ಬಾಯಾರಿದಾಗೆಲ್ಲ ಕುಡಿಯಲಿ. ಬೇಕಿದ್ದರೆ ಜೀರಿಗೆ ಹಾಕಿ ಕುದಿಸಿದ ನೀರು ಕೊಡಿ. ಹೊಟ್ಟೆ ಸಡಿಲ ಆಗುವುದು ಗರ್ಭಕೋಶ, ಸ್ನಾಯು ಹಿಗ್ಗಿದ್ದರಿಂದ. ನೀರಿನಿಂದ ಹೊಟ್ಟೆ ಬರುವುದಿಲ್ಲ.

ಆ ಕಂದು ಪುಡಿಗೆ ಬರುತ್ತೇನೆ. ಚಿಟಿಕೆ ನಾಲಿಗೆಗೆ ಇಟ್ಟು ನೋಡಿದೆ. ಸಿಹಿ. ತುಂಬ ಹೊತ್ತು ಬಾಯಲ್ಲೇ ಉಳಿಯುವ ಸಿಹಿ. ಪುಡಿ ಕೊಟ್ಟವರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಅರ್ಧಕ್ಕರ್ಧ ಜ್ಯೇಷ್ಠಮಧು. ಹುಡುಗಿಯ ಫೈಲ್ ತೆರೆದರೆ ಒಂಬತ್ತನೇ ತಿಂಗಳಲ್ಲಿ ಬಿಪಿ ಏರಿತ್ತು ಎಂದು ಬರೆದಿದೆ. ಜ್ಯೇಷ್ಠಮಧು ದಿನವೂ ತಿಂದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಅಳೆದೆ, 150/100. ಪುಡಿ ನಿಲ್ಲಿಸಿ, ಅವತ್ತೇ ಅವಳ ಹೆರಿಗೆ ಡಾಕ್ಟರ ಹತ್ತಿರ ಕಳಿಸಿದೆ. ಬಸುರಿಯಲ್ಲಿ ಬಿಪಿ ಬಂದವರಿಗೆ ಹೆರಿಗೆಯ ನಂತರವೂ ಅಪಾಯ ಇದೆ. ಜೋರು ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಕಷಾಯ ಕುದಿಸುತ್ತಾ ಕೂರಬೇಡಿ. ಗಿಡಮೂಲಿಕೆ ಅಂದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬೇಡ. ಆಯುರ್ವೇದದವಳಾಗಿಯೇ ಇದನ್ನು ಹೇಳುತ್ತಿದ್ದೇನೆ. ಹೆಸರು, ಪಟ್ಟಿ ಇಲ್ಲದ ಪುಡಿ ನಿಮ್ಮ ಮನೆಗೆ ಬಂದರೆ ಬಾಣಂತಿಗೆ ಕೊಡಬೇಡಿ. ಲೋಹ, ಪಾದರಸದಂಥವು ಸೇರಿದ ಭಸ್ಮ, ರಸೌಷಧಿಗಳನ್ನೂ ನೀವಾಗಿ ಕೊಡಬೇಡಿ.

ಎಣ್ಣೆ, ಸ್ನಾನದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಧಾನ್ವಂತರ ತೈಲ ಕೈಕಾಲು, ಬೆನ್ನಿಗೆ ಹಿತ. ಸಿಸೇರಿಯನ್ ಗಾಯದ ಮೇಲೆ ಎಣ್ಣೆಯೂ ಬೇಡ, ಹಂಡೆಯ ಕುದಿನೀರು ರಭಸದಿಂದ ಹೊಯ್ಯುವುದೂ ಬೇಡ. ನೆಕ್ಕಿ (ಲಕ್ಕಿ) ಸೊಪ್ಪಿನ ನೀರು ಮೈಗೆ ಹಿತವಾಗುವಷ್ಟು ಬಿಸಿ ಇದ್ದರೆ ಸಾಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೇಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮಗುವಿನ ಕೋಣೆಯಲ್ಲಿ ಹೊಗೆ ಹಾಕಬೇಡಿ. ಮಗುವಿನ ನಾಲಿಗೆಗೆ ಜೇನು, ಬಜೆ ಮುಟ್ಟಿಸಬೇಡಿ.

ಲೇಹ್ಯ ಶುರುವಾದ ಕೂಡಲೇ ಕಬ್ಬಿಣದ ಮಾತ್ರೆ ನಿಲ್ಲಿಸುವವರು ಬಹಳ. ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ಹೆರಿಗೆಯ ನಂತರ 180 ದಿನ ನುಂಗಲು ಕೊಡುತ್ತಾರೆ. ಲೇಹ್ಯ ಅದರ ಬದಲಿಗೆ ಆಗುವುದಿಲ್ಲ. ಚಹಾ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ.

ಗಂಟೆಗೆ ಒಂದು ಪ್ಯಾಡ್ ಒದ್ದೆಯಾಗುವಷ್ಟು ರಕ್ತ, ಚಳಿ ಜ್ವರ, ವಾಸನೆಯ ಸ್ರಾವ, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಕರೆ ಮಾಡಿ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಇಲ್ಲ ಅನಿಸಿದರೆ ಅದಕ್ಕೂ ಚಿಕಿತ್ಸೆ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಬನ್ನಿ.

ಆ ಹುಡುಗಿ ಮೂರು ವಾರದ ನಂತರ ಮತ್ತೆ ಬಂದಳು. ಬಿಪಿ ಇಳಿದಿತ್ತು, ತುಟಿ ಮೆದುವಾಗಿತ್ತು. ಗಂಜಿಯ ಜೊತೆ ಬೂತಾಯಿ ಮೀನಿನ ಸಾರು ಉಣ್ಣುತ್ತಿದ್ದಾಳಂತೆ. ಅತ್ತೆ ಚೀಲದಿಂದ ಲೇಹ್ಯದ ಡಬ್ಬಿಯನ್ನಷ್ಟೇ ತೆಗೆದು, "ಈಗ ಇದನ್ನು ಕೊಡ್ಬಹುದಾ?" ಅಂದರು. ನಾನು ಹುಡುಗಿಯ ಮುಖ ನೋಡಿದೆ. "ಬೆಳಗ್ಗೆ ಎದ್ದ ಕೂಡ್ಲೇ ಹಸಿವಾಗ್ತದೆ ಡಾಕ್ಟ್ರೇ" ಅಂದಳು. ಬೆಳಗ್ಗೆ ಅರ್ಧ ಚಮಚದಿಂದ ಶುರು ಮಾಡಿ ಅಂತ ಬರೆದುಕೊಟ್ಟೆ.