ಸೊಂಟದ ಮೂಳೆ: ಮೊದಲು ಸರಿಯಾಗಿ ಹಿಡಿಯಿರಿ, ಹೆಸರು ಆಮೇಲೆ

ಹಿಪ್ ಬೋನ್ ಓದಲು ಕೂತವರು ಮೊದಲು ಹೆಸರುಗಳನ್ನು ಉರು ಹೊಡೆಯುತ್ತಾರೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೂಳೆ ಕೈಗೆ ಬಂದಾಗ ಮುಂದೆ ಯಾವುದು, ಹಿಂದೆ ಯಾವುದು ಅಂತಲೇ ತೋಚುವುದಿಲ್ಲ. ಈ ಮೂಳೆಯನ್ನು ಸರಿಯಾಗಿ ಹಿಡಿಯಲು ಬಂದರೆ ಅರ್ಧ ಪಾಠ ಮುಗಿದಂತೆ.

ತೊಡೆಮೂಳೆಯ ತಲೆ ಕೂರುವ ಆಳವಾದ ಗುಳಿ ಇದೆ ಅಲ್ವಾ, ಅದೇ ಅಸಿಟಾಬ್ಯುಲಮ್. ಅದು ಹೊರಗಡೆಗೆ ಇರಲಿ. ಅಗಲವಾದ ಭಾಗ ಇಲಿಯಮ್ ಮೇಲಕ್ಕೆ, ದೊಡ್ಡ ತೂತು ಅಂದರೆ ಆಬ್ಟ್ಯುರೇಟರ್ ಫೊರಾಮೆನ್ ಕೆಳಕ್ಕೆ, ಪ್ಯೂಬಿಸ್ ಅನ್ನುವ ಭಾಗ ಮುಂದಕ್ಕೆ ಇರಲಿ. ಇಷ್ಟಕ್ಕೆ ಎಡವೋ ಬಲವೋ ಗೊತ್ತಾಯಿತು. ಆದರೆ ವಾಲು ಇನ್ನೂ ಸರಿ ಇರಲಿಕ್ಕಿಲ್ಲ. ಮೂಳೆಯ ಮುಂಭಾಗವನ್ನು ಗೋಡೆಗೆ ಆನಿಸಿ ನೋಡಿ. ಮೇಲೆ ಇಲಿಯಮ್‌ನ ಮುಂತುದಿಯ ಮೊನೆ ಅಂದರೆ ಆಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್, ಕೆಳಗೆ ಪ್ಯೂಬಿಸ್‌ನ ಪುಟ್ಟ ಉಬ್ಬು ಅಂದರೆ ಪ್ಯೂಬಿಕ್ ಟ್ಯೂಬರ್ಕಲ್, ಎರಡೂ ಒಟ್ಟಿಗೆ ಗೋಡೆ ಮುಟ್ಟಬೇಕು. ನಾವು ನಿಂತಾಗ ಮೂಳೆ ಇರುವುದೇ ಹೀಗೆ.

ಹೀಗೆ ಹಿಡಿದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಎರಡೂ ಸೊಂಟದ ಮೂಳೆಗಳು ಬೆನ್ನುಮೂಳೆಯ ಕೆಳತುದಿಯ ಜೊತೆ ಸೇರಿ ಆಗುವ ಪೆಲ್ವಿಸ್ ನೆಟ್ಟಗೆ ಇಟ್ಟ ಬೋಗುಣಿಯಲ್ಲ, ಮುಂದಕ್ಕೆ ಚೆನ್ನಾಗಿ ವಾಲಿದೆ. ಅದರ ಮೇಲ್ಬಾಯಿ ನೆಲದ ಮಟ್ಟಕ್ಕೆ ಸುಮಾರು 50ರಿಂದ 60 ಡಿಗ್ರಿ ಓರೆಯಾಗಿರುತ್ತದೆ. ಪುಸ್ತಕದ ಚಿತ್ರ ಮಾತ್ರ ನೋಡಿದವರಿಗೆ ಇದು ಹೊಳೆಯುವುದು ಕಷ್ಟ.

ಮೇಲಿನ ಇಲಿಯಮ್, ಕೆಳಗೆ ಹಿಂದಿನ ಇಶ್ಚಿಯಮ್, ಮುಂದಿನ ಪ್ಯೂಬಿಸ್, ಈ ಮೂರೂ ಭಾಗಗಳು ಕೂಡುವುದು ಅಸಿಟಾಬ್ಯುಲಮ್‌ನಲ್ಲಿ. ಮಕ್ಕಳಲ್ಲಿ ಇವುಗಳ ನಡುವೆ ಇಂಗ್ಲಿಷ್ ವೈ ಆಕಾರದ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿ, ಇರುತ್ತದೆ. ಹರೆಯದಲ್ಲಿ ಅದು ಮೂಳೆಯಾಗಿ ಬೆಸೆಯುತ್ತದೆ. ಹಾಗಾಗಿ ಮಗುವಿನ ಎಕ್ಸ್‌ರೇಯಲ್ಲಿ ಅಲ್ಲಿ ಸಂದು ಕಂಡರೆ ಸುಮ್ನೆ ಫ್ರಾಕ್ಚರ್ ಅಂದುಬಿಡಬೇಡಿ.

ಈಗ ನಿಮ್ಮ ಮೈಮೇಲೇ ಹುಡುಕಿ. ಸೊಂಟದ ಮೇಲೆ ಕೈ ಇಟ್ಟರೆ ಸಿಗುವ ಅಂಚು ಇಲಿಯಾಕ್ ಕ್ರೆಸ್ಟ್. ಎರಡೂ ಕಡೆಯ ಕ್ರೆಸ್ಟ್‌ಗಳ ಅತಿ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಬೆನ್ನಿನಲ್ಲಿ 4ನೇ ಲಂಬಾರ್ (ಕೆಳಬೆನ್ನಿನ) ಕಶೇರುಕದ ಮಟ್ಟದಲ್ಲಿ ಹಾಯುತ್ತದೆ. ಬೆನ್ನಿನಿಂದ ನೀರು ತೆಗೆಯುವಾಗ ವೈದ್ಯರು ಜಾಗ ಗುರುತಿಸುವುದು ಇದರಿಂದಲೇ. ಗಟ್ಟಿ ಬೆಂಚಿನ ಮೇಲೆ ಜಾಸ್ತಿ ಹೊತ್ತು ಕೂತರೆ ನೋಯುವುದು ಇಶ್ಚಿಯಮ್‌ನ ಕೆಳಗಿನ ದಪ್ಪ ಉಬ್ಬು, ಅಂದರೆ ಇಶ್ಚಿಯಲ್ ಟ್ಯೂಬರಾಸಿಟಿ.

ಗಂಡು ಹೆಣ್ಣಿನ ಪೆಲ್ವಿಸ್ ವ್ಯತ್ಯಾಸ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಹೆಣ್ಣಿನಲ್ಲಿ ಪ್ಯೂಬಿಸ್ ಕೆಳಗಿನ ಕೋನ ಅಗಲ, ಮೂಳೆಯ ಹಿಂದಿನ ಅಂಚಿನ ದೊಡ್ಡ ಕಚ್ಚು ಅಂದರೆ ಗ್ರೇಟರ್ ಸಯಾಟಿಕ್ ನಾಚ್ ಕೂಡ ಅಗಲ. ಅಸಿಟಾಬ್ಯುಲಮ್ ಮಾತ್ರ ಚಿಕ್ಕದು. ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ.

ಇಡೀ ಮೂಳೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇಶ್ಚಿಯಲ್ ಸ್ಪೈನ್. ಇಶ್ಚಿಯಮ್‌ನ ಹಿಂದಿನ ಅಂಚಿನಲ್ಲಿರುವ ಒಂದು ಪುಟ್ಟ ಮೊನೆ ಅಷ್ಟೇ. ಅದರ ಮೇಲೆ ಗ್ರೇಟರ್ ನಾಚ್, ಕೆಳಗೆ ಚಿಕ್ಕ ಕಚ್ಚು ಅಂದರೆ ಲೆಸರ್ ನಾಚ್. ಲಿಗಮೆಂಟ್‌ಗಳು ಅಂದರೆ ಮೂಳೆ ಕಟ್ಟುವ ಪಟ್ಟಿಗಳು ಈ ಕಚ್ಚುಗಳನ್ನು ಮುಚ್ಚಿದಾಗ ಆಗುವ ತೂತುಗಳೇ ಗ್ರೇಟರ್ ಮತ್ತು ಲೆಸರ್ ಫೊರಾಮೆನ್. ಹೆರಿಗೆಯ ಸಮಯದಲ್ಲಿ ಮಗುವಿನ ತಲೆ ಎಷ್ಟು ಇಳಿದಿದೆ ಅಂತ ಅಳೆಯುವುದು ಈ ಮೊನೆಗಳಿಂದಲೇ. ತಲೆ ಇವುಗಳ ಮಟ್ಟಕ್ಕೆ ಬಂದರೆ ಸ್ಟೇಷನ್ 0. ಎರಡು ಮೊನೆಗಳ ನಡುವಿನ ಅಂತರ ಸುಮಾರು 10 ಸೆಂಟಿಮೀಟರ್. ಮಗು ಹಾದುಬರುವ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಇದೇ. ಜನನಾಂಗದ ಸುತ್ತಲಿನ ಭಾಗಕ್ಕೆ ಹೋಗುವ ಪ್ಯುಡೆಂಡಲ್ ನರ ಗ್ರೇಟರ್ ಫೊರಾಮೆನ್‌ನಿಂದ ಹೊರಗೆ ಬಂದು, ಈ ಮೊನೆಯ ಹಿಂದಿನಿಂದ ಸುತ್ತಿ, ಲೆಸರ್ ಫೊರಾಮೆನ್ ಮೂಲಕ ಮತ್ತೆ ಒಳಗೆ ಹೋಗುತ್ತದೆ. ಅದಕ್ಕೇ ಈ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಅಂದರೆ ಪ್ಯುಡೆಂಡಲ್ ಬ್ಲಾಕ್ ಕೊಡುವಾಗ ವೈದ್ಯರು ಬೆರಳಿನಿಂದ ಮೊನೆಯನ್ನು ಮುಟ್ಟಿ ನೋಡಿಕೊಂಡು, ಸೂಜಿಯನ್ನು ಅದರ ಪಕ್ಕಕ್ಕೇ ಒಯ್ಯುತ್ತಾರೆ.